ದೈತ್ಯನ ಕೊಪ್ಪರಿಗೆಗೆ ಕಾಸ್ಟಿಕ್ ಸೋಡಾ

ಮಾರ್ಚ್ 14, ಭಾನುವಾರ ಬೆಳಿಗ್ಗೆ

ನನ್ನ ಮುದ್ದಿನ ತಂಗಿಗೆ, ಅಕ್ಕನ ತುಂಬು ಆಶೀರ್ವಾದ.

ನಾವಿಬ್ಬರೂ ಇಲ್ಲಿ ಚೆನ್ನಾಗಿದ್ದೇವೆ. ಈ ಮಾತನ್ನು ಪ್ರತಿ ಪತ್ರದಲ್ಲೂ ಬರೆಯುತ್ತೇನೆ. ಈ ಸಲ ಅದು ನಿಜ. ನೀನು ಕೊನೆಯ ಪುಟದವರೆಗೆ ಎದೆ ಹಿಡಿದುಕೊಂಡು ಓದುವ ಜಾತಿ ಅಂತ ಗೊತ್ತಿರುವುದರಿಂದ ಮೊದಲೇ ಹೇಳಿಬಿಡುತ್ತೇನೆ: ನಿನ್ನ ಮಗಳು ಕೆಲಸಕ್ಕೆ ವಾಪಸ್ಸು ಹೋದಳು. ಈಗ ಒಂದು ಲೋಟ ನೀರು ಕುಡಿದು ಬಂದು ಮುಂದಕ್ಕೆ ಓದು.

ಉತ್ತರ ತಡವಾಯಿತು, ಬೈಯಬೇಡ. ಬೈದರೂ ಪರವಾಗಿಲ್ಲ, ಇಷ್ಟು ದೂರಕ್ಕೆ ಕೇಳಿಸುವುದಿಲ್ಲ. ಊರಿನ ಹಲ್ಲೆಲ್ಲ ಮಾತಾಡಿಕೊಂಡು ಒಂದೇ ಸಲ ಉದುರಿದ ಹಾಗೆ, ದಂತವೈದ್ಯರ ಕಡೆಯಿಂದ ಬಾಯಿಯ ಅಚ್ಚುಗಳು ಬಂದು ಬೀಳುತ್ತಲೇ ಇವೆ. ನನ್ನ ಮೇಜಿನ ಮೇಲೆ ಯಾರ್ಯಾರದೋ ವಸಡುಗಳು ಬಾಯಿ ತೆರೆದುಕೊಂಡು ಕೂತಿವೆ. ಮೇಣ ಕರಗಿಸಿ, ಪ್ಲಾಸ್ಟರ್ ಕಲಸಿ, ಹಲ್ಲು ಜೋಡಿಸಿ, ಉಜ್ಜಿ ಹೊಳಪು ಕೊಡುವಷ್ಟರಲ್ಲಿ ಬೆನ್ನು ಬಿಲ್ಲಾಗಿರುತ್ತದೆ. ನಿನ್ನ ಕೆಮ್ಮು ಹೇಗಿದೆ? ಹಾಸ್ಟೆಲಿನ ಹುಡುಗಿಯರ ಹಿಂದೆ ಮೆಟ್ಟಿಲು ಹತ್ತಿ ಇಳಿದು ಅದನ್ನು ಜಾಸ್ತಿ ಮಾಡಿಕೊಳ್ಳಬೇಡ. ವಾರ್ಡನ್ ಅಂದರೆ ಕೂತಲ್ಲಿಂದ ಗದರಬೇಕು, ಓಡಬಾರದು.

ಫೋನಿನಲ್ಲಿ ಹೇಳಬಹುದಿತ್ತಲ್ಲ ಅನ್ನುತ್ತೀಯ. ಫೋನಿನಲ್ಲಿ ನೀನು 'ಹೂಂ, ಹೂಂ, ಊಟ ಮಾಡಿದಳಾ' ಅಂತ ಕೇಳಿ ಇಟ್ಟುಬಿಡುತ್ತೀಯ. ಮಗಳನ್ನು ಕರೀಲಾ ಅಂದರೆ, 'ಬೇಡ, ಮಲಗಿರಲಿ' ಅನ್ನುತ್ತೀಯ. ನಡುಮಧ್ಯಾಹ್ನ ಯಾರು ಮಲಗಿರುತ್ತಾರೆ ಕಣೇ? ಅದಕ್ಕೇ ಬರೆಯುತ್ತಿದ್ದೇನೆ. ಕಾಗದವನ್ನು ಮಧ್ಯದಲ್ಲಿ ಇಟ್ಟುಬಿಡಲು ಆಗುವುದಿಲ್ಲ, ಕಣ್ಣೆದುರಿಗೇ ಇರುತ್ತದೆ.

ನೀನು ವಾಪಸ್ಸು ಹೋದ ಮೇಲೆ ಇಲ್ಲಿ ಹೇಗಿತ್ತು ಅಂತ ನಾನು ಪೂರ್ತಿ ಬರೆದಿರಲಿಲ್ಲ. ಗಾಯ ಒಣಗಿತು, ವೈದ್ಯರು ಇನ್ನು ಬರಬೇಕಾಗಿಲ್ಲ ಅಂದರು, ಅಷ್ಟು ನಿನಗೆ ಗೊತ್ತು. ಆದರೆ ನಿನ್ನ ಮಗಳು ಕಡ್ಡಿ ಆ ಸುಟ್ಟ ಬಲಗೈಯನ್ನು ಗವಸಿನಿಂದ ಹೊರಗೆ ತೆಗೆಯಲಿಲ್ಲ. ನಾವು ಅವಳನ್ನು ಕಡ್ಡಿ ಅಂತ ಕರೆದಿದ್ದು ಮೈಕಟ್ಟು ನೋಡಿ, ಈಗ ಮಾತೂ ಕಡ್ಡಿಯಷ್ಟೇ ಆಯಿತು. ಎಡಗೈಯಲ್ಲಿ ಚಮಚ ಹಿಡಿದು ಊಟ. ಬರೀ ನೀರಿನಲ್ಲಿ ಸ್ನಾನ. ಪಾತ್ರೆ ತೊಳೆಯುವ ಸೋಪಿನ ಬಿಲ್ಲೆ ಕಂಡರೂ ಒಂದು ಹೆಜ್ಜೆ ಹಿಂದೆ. ಸೋಪು ಬೇಯಿಸುವುದೇ ಕಸುಬಾಗಿದ್ದ ಹುಡುಗಿ! ನೆನಪಿದೆಯಾ, ಕೆಲಸದಿಂದ ಬಂದರೆ ಬಾಗಿಲು ತೆಗೆಯುವ ಮೊದಲೇ ಘಮ ಬರುತ್ತಿತ್ತು. ಕೊಪ್ಪರಿಗೆಯಲ್ಲಿ ಸೋಪು ಹದಕ್ಕೆ ಬಂತೋ ಇಲ್ಲವೋ ಅಂತ ಬರೀ ವಾಸನೆಯಿಂದ ಹೇಳುತ್ತೇನೆ ಅಂತ ಜಂಬ ಕೊಚ್ಚಿಕೊಳ್ಳುತ್ತಿದ್ದಳು. ಆ ಜಂಬ ಕೇಳದೆ ನನ್ನ ಮನೆ ಭಣಭಣ ಅನ್ನುತ್ತಿತ್ತು.

ಸೋಪಿನ ಮನೆಯ ಯಜಮಾನಿ ಒಂದು ದಿನ ಬಂದರು. ಒಳ್ಳೆಯ ಹೆಂಗಸು. ಕುರ್ಚಿಯ ತುದಿಯಲ್ಲಿ ಕೂತು, "ಆ ಸೋರ್ತಿದ್ದ ಹಳೇ ಪೈಪು ಕಿತ್ತು ಹೊಸದು ಹಾಕ್ಸಿದೀನಮ್ಮ. ಬಂದು ನಿನ್ ಕಣ್ಣಲ್ಲೇ ನೋಡು. ಚಳಿಗಾಲ ಮುಗಿಯೋವರ್ಗೂ ನಿನ್ ಜಾಗಕ್ಕೆ ಯಾರನ್ನೂ ತಗೊಳ್ಳಲ್ಲ. ಆಮೇಲೆ ನನ್ಗೂ ಬೇರೆ ದಾರಿ ಇರಲ್ಲ" ಅಂದರು. ಕಡ್ಡಿ ತಲೆ ಆಡಿಸಿದಳು. ಅವರು ಹೋದ ಮೇಲೆ, ಅವರು ತಂದಿದ್ದ ಸೋಪಿನ ಪೊಟ್ಟಣವನ್ನು ಬಿಚ್ಚದೆ ಕಪಾಟಿನ ಮೇಲಿನ ಅರೆಯಲ್ಲಿ ಇಟ್ಟುಬಿಟ್ಟಳು. ಕೈ ಹೋದರೂ ಹೇಗೋ ಬದುಕುತ್ತಾಳೆ, ಈ ಕೆಲಸ ಹೋದರೆ ಈ ಹುಡುಗಿ ಉಳಿಯುವುದಿಲ್ಲ ಅಂತ ನನಗೆ ಆವತ್ತು ಅನ್ನಿಸಿತು.

ಈಗ ನನ್ನ ಆಟದ ವಿಷಯಕ್ಕೆ ಬರುತ್ತೇನೆ. ಮುಖ ಸಿಂಡರಿಸಬೇಡ, ಇದೆಲ್ಲ ಅದಕ್ಕೆ ಸಂಬಂಧಪಟ್ಟಿದ್ದೇ.

ದಂತವೈದ್ಯರ ಮಕ್ಕಳು ದೊಡ್ಡವರಾಗಿ ಬಿಸಾಡಲು ಇಟ್ಟಿದ್ದ ಆಟದ ಪೆಟ್ಟಿಗೆಯನ್ನು ನಾನು ಎತ್ತಿಕೊಂಡು ಬಂದ ಕಥೆ ನಿನಗೆ ಗೊತ್ತು. ಪ್ರತಿ ಭಾನುವಾರ ಮಧ್ಯಾಹ್ನ ನನ್ನ ಕೆಲಸದ ಕೋಣೆಯಲ್ಲಿ ಹಲ್ಲುಗಳನ್ನೆಲ್ಲ ಪಕ್ಕಕ್ಕೆ ಸರಿಸಿ ಆಡುತ್ತೇವೆ. ಒಬ್ಬೊಬ್ಬರೂ ಒಂದೊಂದು ವೇಷ: ಒಬ್ಬರು ಕತ್ತಿವೀರೆ, ಒಬ್ಬರು ಮಂತ್ರವಾದಿ, ಹೀಗೆ. ಕಥೆ ನಡೆಸುವವಳು ನಾನು. "ನಿಮ್ಮೆದುರು ಒಂದು ಗುಹೆ ಇದೆ, ಏನು ಮಾಡ್ತೀರ?" ಅಂತ ನಾನು ಕೇಳುವುದು, ಅವರು ಹೇಳುವುದು, ಆಮೇಲೆ ದಾಳ ಹಾಕುವುದು. ದಾಳ ಹೇಳಿದಂತೆ ಗೆಲುವು, ಸೋಲು. ಹಾಸು, ಮನೆ, ಕಾಯಿ ಕಡಿಯುವುದು ಏನೂ ಇಲ್ಲ, ಎಲ್ಲ ಬಾಯಿಮಾತಿನಲ್ಲೇ. ಬೊಂಬೆಗಳನ್ನು ಪ್ಲಾಸ್ಟರಿನಲ್ಲಿ ನಾನೇ ಎರಕ ಹೊಯ್ದಿದ್ದೇನೆ. ದಾಳಗಳು ವಸಡಿನ ಗುಲಾಬಿ ಬಣ್ಣ, ಏಕೆಂದರೆ ಹಲ್ಲಿನ ಸೆಟ್ಟು ಮಾಡಿ ಉಳಿದದ್ದು ಅದೇ.

ಆಡುವವರು ಇಬ್ಬರು. ಕೆಳಗಿನ ಅಂಗಡಿಯ ಟೈಲರಮ್ಮ, ಕತ್ತಿವೀರೆ. ನಿವೃತ್ತ ಬಸ್ ಕಂಡಕ್ಟರ್, ಮಂತ್ರವಾದಿ. ಅವರ ಬಾಯಿಯಲ್ಲಿರುವ ಹಲ್ಲು ನಾನೇ ಮಾಡಿದ್ದು, ಆದ್ದರಿಂದ ನನ್ನ ಮಾತು ಮೀರುವುದಿಲ್ಲ. ಮಂತ್ರವಾದಿಗೆ ಒಂದು ದೊಡ್ಡ ಶಕ್ತಿ ಇದೆ. ಒಂದು ಮಂತ್ರ ಹೇಳಿದರೆ ಯಾವ ವಸ್ತುವನ್ನಾದರೂ ಗಾಳಿಯಿಂದ ಒಂದು ಬಕೆಟ್ಟಿನಷ್ಟು ಬರಿಸಬಹುದು. ಕಂಡಕ್ಟರಿಗೆ ಪ್ರಪಂಚದಲ್ಲಿ ಗೊತ್ತಿದ್ದ ವಸ್ತು ಒಂದೇ, ಆಸಿಡ್. ಬೀಗ ಹಾಕಿದ ಬಾಗಿಲೇ? ಆಸಿಡ್. ಹಾವೇ? ಆಸಿಡ್. ದಾರಿ ಕೇಳಲು ಬಂದ ಪಾಪದ ಮುದುಕನಿಗೂ ಒಂದು ಸಲ ಆಸಿಡ್ ಹಾಕಲು ಹೊರಟಿದ್ದರು.

ನನಗೆ ರೇಗಿಹೋಯಿತು. ನನ್ನ ಕಸುಬಿನಲ್ಲಿ ಪ್ರತಿಯೊಂದಕ್ಕೂ ಅದರದೇ ಪಾತ್ರೆ ಇದೆ. ಮೇಣಕ್ಕೆ ಒಂದು, ಪ್ಲಾಸ್ಟರಿಗೆ ರಬ್ಬರಿನ ಬಟ್ಟಲು, ಘಾಟು ಹೊಡೆಯುವ ದ್ರವಕ್ಕೆ ಕಂದು ಬಾಟಲಿ. ಅದಕ್ಕೆ ಒಂದು ಹೊಸ ನಿಯಮ ಮಾಡಿದೆ. ಏನು ಬರಿಸಿದರೂ ಅದು ನೋಡಲು ಹೇಗಿರುತ್ತದೆ, ಮುಟ್ಟಿದರೆ ಹೇಗಿರುತ್ತದೆ, ಯಾವ ಪಾತ್ರೆಯಲ್ಲಿ ಬರುತ್ತದೆ ಅಂತ ಮೊದಲು ಹೇಳಬೇಕು. ಹೇಳದಿದ್ದರೆ ಕೈಗೇ ಬರುತ್ತದೆ.

ಮುಂದಿನ ಭಾನುವಾರವೇ ಕಂಡಕ್ಟರ್ ಮೇಜು ಗುದ್ದಿ, "ಬರ್ಲಿ ಆಸಿಡ್!" ಅಂದರು. "ಯಾವ ಪಾತ್ರೆಯಲ್ಲಿ?" ಅಂದೆ. ಅವರು ಬಾಯಿ ತೆರೆದವರು ತೆರೆದೇ ಕೂತರು. "ಮುಗೀತು, ಮಂತ್ರವಾದಿಯ ಕೈ ಹೋಯ್ತು" ಅಂತ ತೀರ್ಪು ಕೊಟ್ಟೆ. ಟೈಲರಮ್ಮ ಬಿದ್ದು ಬಿದ್ದು ನಕ್ಕರು. ನಾನೂ ನಕ್ಕೆ. ನಗು ಅರ್ಧಕ್ಕೆ ಬಂದಾಗ ನೆನಪಾಯಿತು, ಕಿಟಕಿ ಹತ್ತಿರದ ಸ್ಟೂಲಿನ ಮೇಲೆ ಕಡ್ಡಿ ಕೂತಿದ್ದಾಳೆ ಅಂತ.

ಕಂಡಕ್ಟರ್ ನೆಲ ನೋಡತೊಡಗಿದರು. ಆಗ ಕಡ್ಡಿ ಕಿಟಕಿಯಿಂದ ಮುಖ ತಿರುಗಿಸದೆ, "ಅಷ್ಟು ಬೇಗ ಹೋಗಲ್ಲ ದೊಡ್ಡಮ್ಮ" ಅಂದಳು.

"ಏನು ಮಗಳೇ?" ಅಂದೆ.

"ಆಸಿಡ್ ನಂಗೊತ್ತಿಲ್ಲ. ಸೋಪಿಗೆ ಹಾಕೋ ಕಾಸ್ಟಿಕ್ ಆದ್ರೆ ಮೊದ್ಲು ಉರಿಯೋದೇ ಇಲ್ಲ. ಜಾರುತ್ತೆ ಅಷ್ಟೇ. ಬೆರಳಿಗೆ ಬೆರಳು ಜಾರುತ್ತೆ, ಸೋಪು ಮುಟ್ಟಿದ ಹಾಗೆ. ಪೈಪಿಂದ ಹಲಗೆ ಮೇಲೆ ತೊಟ್ಟಿಕ್ಕಿತ್ತು. ಗವಸು ತೆಗ್ದಾಗಿತ್ತು, ಕೆಲ್ಸ ಮುಗ್ದಿತ್ತು. ಆ ಹಲಗೆ ಮೇಲೆ ಕೈ ಊರ್ಕೊಂಡು ಮಾತಾಡ್ತಾ ನಿಂತಿದ್ದೆ. ಜಾರುತ್ತಲ್ಲ ಅಂತ ಅನ್ನಿಸ್ತು. ಸೋಪಿನ ಮನೇಲಿ ಜಾರ್ದೇ ಇರೋದು ಯಾವ್ದಿದೆ ಹೇಳು? ಉರಿ ಶುರುವಾಗೋ ಹೊತ್ಗೆ ತಡ ಆಗಿತ್ತು."

ಅಷ್ಟು ದಿನ ವೈದ್ಯರು ಕೇಳಿದರು, ಯಜಮಾನಿ ಕೇಳಿದರು, ನಾನು ಕೇಳಿದೆ. ಯಾರಿಗೂ ಹೇಳದ ಮಾತನ್ನು ಒಂದು ಆಟದ ತಪ್ಪು ತಿದ್ದಲು ಹೇಳಿದಳು ನೋಡು. ಬೇರೆ ಯಾರ ಕೈಯಾದರೂ ಒದ್ದೆ ತಗುಲಿದ ಕೂಡಲೇ ಹಿಂದೆ ಬರುತ್ತಿತ್ತು. ದಿನಾ ಸೋಪಿನಲ್ಲೇ ಅದ್ದಿದ ಕೈಗೆ ಅದು ಗೊತ್ತಾಗಲಿಲ್ಲ. ನನಗೆ ಅಳು ಉಕ್ಕಿ ಬಂತು, ಮೂಗು ಸೀಟಿಕೊಂಡು ದಾಳ ಎತ್ತಿಟ್ಟೆ.

ಕಂಡಕ್ಟರ್ ಇದ್ದಾರಲ್ಲ, ಅವರು ಸಾಮಾನ್ಯರಲ್ಲ. ಗಂಟಲು ಸರಿಮಾಡಿಕೊಂಡು ಮಂತ್ರವಾದಿಯ ಬೊಂಬೆಯನ್ನು ಕಡ್ಡಿಯ ಎದುರಿಗೆ ತಳ್ಳಿ, "ಇದು ನೀನೇ ಇಟ್ಕೊಳಮ್ಮ. ನಂಗೆ ಪಾತ್ರೆ ಪಗಡಿ ನೆನಪಿರಲ್ಲ. ಜೀವಮಾನ ಪೂರ್ತಿ ಟಿಕೆಟ್ ಇಲ್ದೋರನ್ನ ಹಿಡ್ದಿದೀನಿ, ಇನ್ಮೇಲೆ ನಾನೇ ಕಳ್ಳ ಆಗ್ತೀನಿ" ಅಂದರು. ಕಡ್ಡಿ ಬೊಂಬೆಯನ್ನು ಎಡಗೈಯಲ್ಲಿ ಎತ್ತಿಕೊಂಡು ನೋಡಿದಳು. ಬೇಡ ಅನ್ನಲಿಲ್ಲ.

ಬೇಡ ಅನ್ನಲಿಲ್ಲ, ಸರಿ. ಆಡಿದ್ದು ಹೇಗೆ ಅಂತ ಕೇಳು. ಹಾವು ಬಂತು, ಹಾಲು ಬರಿಸಿದಳು, ಮರದ ಬಕೆಟ್ಟಿನಲ್ಲಿ. ಕಳ್ಳರ ದಂಡು ಬಂತು, ಹಿಟ್ಟು ಬರಿಸಿ ಅವರ ಕಣ್ಣಿಗೆ ಎರಚಿದಳು. ಸೇತುವೆ ಮುರಿದಿತ್ತು, ಗೋಂದು. ಉಪ್ಪು, ಮರಳು, ಹತ್ತಿ, ಜೇನು. ವಿಷ ತಾ ಅಂದರೆ ತರಳು, ಎಣ್ಣೆಗೆ ಬೆಂಕಿ ಹಚ್ಚು ಅಂದರೆ ಹಚ್ಚಳು. ಟೈಲರಮ್ಮನ ಕತ್ತಿವೀರೆ ಒಬ್ಬಳೇ ಎಲ್ಲರನ್ನೂ ಹೊಡೆದು ಸುಸ್ತಾದಳು. "ಯುದ್ಧಕ್ಕೆ ಬಂದಿದೀವೋ ದಿನಸಿ ಅಂಗಡಿ ಇಡಕ್ಕೆ ಬಂದಿದೀವೋ?" ಅಂತ ಕಂಡಕ್ಟರ್ ಗೊಣಗಿದರು. ಕಡ್ಡಿ ತುಟಿಯಂಚಿನಲ್ಲಿ ನಕ್ಕಳು. ಆದರೆ ಪ್ರತಿ ಸಲವೂ ಬಲಗೈ ಮಡಿಲಲ್ಲಿ, ಗವಸಿನೊಳಗೆ. ದಾಳ ಎಡಗೈಯಲ್ಲಿ.

ಚಳಿ ಕಮ್ಮಿಯಾಗುತ್ತ ಬಂತು. ಕಿಟಕಿಯ ಹೊರಗೆ ಜನ ಸ್ವೆಟರ್ ಬಿಚ್ಚಿ ಓಡಾಡುವುದು ಕಂಡರೆ ನಾನು ಯಜಮಾನಿಯ ಗಡುವಿಗೆ ದಿನ ಎಣಿಸುತ್ತಿದ್ದೆ. ಸೋಪಿನ ಮನೆಯ ಯಜಮಾನಿ ರಸ್ತೆಯಲ್ಲಿ ಎದುರಾದರೆ ನಾನೇ ಆಚೆ ಬದಿಗೆ ದಾಟುತ್ತಿದ್ದೆ. ಅವರು ಎಲ್ಲಿ, 'ಬೇರೆಯವರನ್ನು ತಗೊಂಡೆ' ಅಂದುಬಿಡುತ್ತಾರೋ ಅಂತ ಭಯ.

ಹೋದ ತಿಂಗಳ ಕೊನೆಯ ಭಾನುವಾರ ನಾನು ಅವರನ್ನು ದೈತ್ಯನ ಅಡುಗೆಮನೆಗೆ ಕರೆದುಕೊಂಡು ಹೋದೆ. ಬೇಕೆಂದೇ ಮಾಡಿದ್ದು ಅಂತ ನೀನು ಅನ್ನಬಹುದು. ಅನ್ನು. ನಾನು ಒಪ್ಪುವುದೂ ಇಲ್ಲ, ಅಲ್ಲಗಳೆಯುವುದೂ ಇಲ್ಲ. ದೈತ್ಯನನ್ನು ಒಂದು ಗೇಣೆತ್ತರಕ್ಕೆ ಪ್ಲಾಸ್ಟರಿನಲ್ಲಿ ಹೊಯ್ದು, ಬಾಯಿಗೆ ಕಂಡಕ್ಟರ್ ಅವರದೇ ಹಳೆಯ ಹಲ್ಲಿನ ಸೆಟ್ಟು ಸಿಕ್ಕಿಸಿದ್ದೆ. ದೈತ್ಯನಿಗಿಂತ ಬಾಯಿ ದೊಡ್ಡದಾಗಿತ್ತು. ಕಂಡಕ್ಟರ್ ನೋಡಿದವರೇ, "ಇದನ್ನೆಲ್ಲೋ ನೋಡಿದೀನಲ್ಲ" ಅಂತ ತಲೆ ಕೆರೆದುಕೊಂಡರು.

ದೈತ್ಯ ಮೂವರನ್ನೂ ಹಿಡಿದು ಒಲೆಯ ಪಕ್ಕದ ಕಲ್ಲುಕಟ್ಟೆಯ ಮೇಲೆ ಕಟ್ಟಿಹಾಕಿದ್ದಾನೆ. ಒಲೆಯ ಮೇಲೆ ದೊಡ್ಡ ಕೊಪ್ಪರಿಗೆ, ಅದರ ತುಂಬ ಕರಗಿದ ಕೊಬ್ಬು, ಇವರನ್ನು ಕರಿಯಲು. ಕಳ್ಳ ಕಂಡಕ್ಟರ್ ಹಗ್ಗ ಬಿಚ್ಚಿದರು. ಟೈಲರಮ್ಮನ ಕತ್ತಿ ದೈತ್ಯನ ಸೊಂಟದಲ್ಲಿದೆ, ಬಾಗಿಲು ದೈತ್ಯನ ಹಿಂದಿದೆ. ಉಳಿದವಳು ಕಡ್ಡಿ. "ಏನು ಮಾಡ್ತೀಯ?" ಅಂದೆ.

ಅವಳು ಮಂತ್ರವಾದಿಯ ಬೊಂಬೆಯನ್ನು ದೈತ್ಯನ ಎದುರಿಗೆ ಸರಿಸಿದಳು. ಆಮೇಲೆ, "ಕೊಪ್ಪರಿಗೆ ಯಾವ್ದರದ್ದು ದೊಡ್ಡಮ್ಮ?" ಅಂತ ಕೇಳಿದಳು.

"ಕಬ್ಬಿಣ."

"ಖಂಡಿತಾನಾ? ಅಲ್ಯೂಮಿನಿಯಂ ಅಲ್ವಲ್ಲ?"

"ಅಲ್ಲ ಮಗಳೇ, ಕಬ್ಬಿಣ."

"ಪಕ್ಕದಲ್ಲಿ ನೀರಿದ್ಯಾ? ತಣ್ಣೀರು? ಕಿಟಕಿ ಎಲ್ಲಿದೆ? ಗಾಳಿ ನಮ್ ಕಡೆಯಿಂದ ಅವ್ನ ಕಡೆಗೋ, ಅವ್ನ ಕಡೆಯಿಂದ ನಮ್ ಕಡೆಗೋ?"

ಕಂಡಕ್ಟರಿಗೆ ತಡೆಯಲಿಲ್ಲ. "ಅಯ್ಯೋ, ಅವನು ಬಾಯಲ್ಲಿ ನೀರು ಸುರಿಸ್ತಾ ನಿಂತಿದಾನೆ, ನೀನು ಬಾಡಿಗೆ ಮನೆ ನೋಡಕ್ಕೆ ಬಂದೋರ ಥರ ವಿಚಾರಿಸ್ತಿದೀಯಲ್ಲ!" ಟೈಲರಮ್ಮ ಅವರ ಮೊಣಕೈಗೆ ಒಂದು ತಿವಿದರು.

ಪಕ್ಕದಲ್ಲೇ ತಣ್ಣೀರಿದೆ, ಕಿಟಕಿ ನಿಮ್ಮ ಹಿಂದೆ, ಗಾಳಿ ದೈತ್ಯನ ಕಡೆಗೆ ಅಂದೆ. ಅವಳು ಎಲ್ಲಿಗೆ ಹೊರಟಿದ್ದಾಳೆ ಅಂತ ನನಗೆ ಹೊಳೆದಿತ್ತು.

"ಹಾಗಾದ್ರೆ ಕಾಸ್ಟಿಕ್ ಸೋಡಾ" ಅಂದಳು ಕಡ್ಡಿ. "ಒಂದು ಬಕೆಟ್. ಕಬ್ಬಿಣದ ಬಕೆಟ್, ಅಲ್ಯೂಮಿನಿಯಂ ಆದ್ರೆ ಸೋಡಾ ತಿಂದ್ಹಾಕುತ್ತೆ. ಮುಚ್ಚಳ ಇರೋದು, ಒಳಗೆ ಒಣಗಿರ್ಬೇಕು."

"ನೋಡಕ್ಕೆ ಹೇಗಿರುತ್ತೆ?" ನಿಯಮ ನಿಯಮವೇ, ಕೇಳಿದೆ.

"ಬೆಳ್ಳಗೆ, ಕಾಳು ಕಾಳು. ಕಾಳು ಅಂದ್ರೆ..." ಬಲಗೈ ಎತ್ತಿದಳು, ಬೆರಳುಗಳನ್ನು ಒಟ್ಟುಗೂಡಿಸಿ ಎಷ್ಟು ಗಾತ್ರ ಅಂತ ತೋರಿಸಲು ಹೋದಳು. ಗವಸಿನೊಳಗೆ ಬೆರಳು ದಪ್ಪಗೆ ಕಂಡವು. ಒಂದು ಸಲ ಪ್ರಯತ್ನಪಟ್ಟಳು, ಇನ್ನೊಂದು ಸಲ. ಆಮೇಲೆ "ಥತ್" ಅಂತ ಗವಸನ್ನು ಹಲ್ಲಿನಲ್ಲಿ ಕಚ್ಚಿ ಎಳೆದು ಮೇಜಿನ ಮೇಲೆ ಎಸೆದು, ಹೆಬ್ಬೆರಳಿನ ತುದಿಯನ್ನು ತೋರುಬೆರಳಿಗೆ ಒತ್ತಿ, "ಇಷ್ಟು" ಅಂದಳು.

ಕೈ ಹೇಗಿದೆ ಅಂತ ನಿನಗೆ ಹೇಳುತ್ತೇನೆ, ಕೇಳಿಸಿಕೋ. ಅಂಗೈಯ ಚರ್ಮ ಕೆಂಪಗೆ ಹೊಳೆಯುತ್ತದೆ, ಕೆಲವು ಕಡೆ ಸುಕ್ಕುಗಟ್ಟಿದೆ. ಕಿರುಬೆರಳು, ಉಂಗುರದ ಬೆರಳು ಪೂರ್ತಿ ನೆಟ್ಟಗಾಗುವುದಿಲ್ಲ. ಅಷ್ಟೇ. ಅದು ಕೈ. ಬೆಳಗ್ಗೆಯಿಂದ ಸಂಜೆಯವರೆಗೆ ಬಾಯಿಯ ಅಚ್ಚು ನೋಡುವ ನಾನು ಅದಕ್ಕಿಂತ ವಿಕಾರವಾದದ್ದನ್ನು ಮಧ್ಯಾಹ್ನದ ಊಟಕ್ಕೆ ಮೊದಲೇ ನೋಡಿರುತ್ತೇನೆ.

ಕಡ್ಡಿಗೆ ಮಾತ್ರ ಇದ್ಯಾವುದರ ಪರಿವೆಯೂ ಇರಲಿಲ್ಲ. ಎರಡೂ ಕೈ ಆಡಿಸುತ್ತ ಹೇಳುತ್ತಿದ್ದಳು. "ನೀರಿಗೆ ಸೋಡಾ ಹಾಕ್ಬೇಕು. ಸೋಡಾಗೆ ನೀರು ಹಾಕಿದ್ರೆ ಸಿಡಿಯುತ್ತೆ, ಮುಖ ಹೋಗುತ್ತೆ. ಸ್ವಲ್ಪ ಸ್ವಲ್ಪ ಹಾಕ್ತಾ ತಿರುಗಿಸ್ತೀನಿ. ತಾನೇ ತಾನೇ ಕುದಿಯೋಷ್ಟು ಬಿಸಿಯಾಗುತ್ತೆ, ಮುಖ ಆಚೆ ಹಿಡ್ಕೊಂಡಿರ್ತೀನಿ. ಕರಗಿದ್ಮೇಲೆ ಕೊಪ್ಪರಿಗೆಗೆ. ನಿಧಾನಕ್ಕೆ ಸುರಿದ್ರೆ ಸೋಪಾಗುತ್ತೆ. ಒಂದೇ ಸಲ ಸುರಿದ್ರೆ ಉಕ್ಕುತ್ತೆ."

"ನೀನು ಹೇಗೆ ಸುರೀತೀಯ?" ಅಂದೆ.

"ನಂಗೆ ಉಕ್ಕಬೇಕು" ಅಂದಳು. ತಂಗಿ, ಆ ಜಂಬ ವಾಪಸ್ಸು ಬಂದಿತ್ತು ಕಣೇ. ಅದೇ ಧ್ವನಿ, ಅದೇ ಮೂಗು ಮೇಲೆತ್ತುವುದು.

ದಾಳ ಹಾಕು ಅಂದೆ. ನಾಲ್ಕರ ಮೇಲೆ ಬೀಳಬೇಕು, ಇಲ್ಲದಿದ್ದರೆ ಸೋಡಾ ಅವಳ ಮೇಲೇ ಚೆಲ್ಲುತ್ತದೆ. ನಿಯಮ ಮಾಡಿದ ನನ್ನ ಬಾಯಿಗೆ ನಾನೇ ಶಾಪ ಹಾಕಿಕೊಂಡೆ. ಅವಳು ಬಲಗೈಯಲ್ಲೇ ದಾಳ ತೆಗೆದುಕೊಂಡಳು. ನೆಟ್ಟಗಾಗದ ಬೆರಳಿಗೆ ತಗುಲಿ ಅದು ಅಡ್ಡಡ್ಡ ಹಾರಿ, ಮೇಜಿನಿಂದ ಬಿದ್ದು, ಉರುಳಿಕೊಂಡು ಹೋಗಿ ಕಪಾಟಿನ ಕೆಳಗೆ ಸೇರಿತು.

ಕಂಡಕ್ಟರ್ ಆ ವಯಸ್ಸಿಗೆ ನೆಲದ ಮೇಲೆ ಹೊಟ್ಟೆ ಹಾಕಿ ಮಲಗಿ, ಕಪಾಟಿನ ಅಡಿಗೆ ಕೆನ್ನೆ ಒತ್ತಿ, ಬಹಳ ಹೊತ್ತು ನೋಡಿ, "ಆರು!" ಅಂತ ಕೂಗಿದರು. "ಆಣೆ ಮಾಡಿ ಹೇಳ್ತೀನಿ, ಆರು!"

ಅವರ ಕನ್ನಡಕ ಮೇಜಿನ ಮೇಲಿತ್ತು. ನಾನು ಕನ್ನಡಕ ನೋಡಿದೆ. ಟೈಲರಮ್ಮನೂ ಕನ್ನಡಕ ನೋಡಿದರು. ಆಮೇಲೆ ಇಬ್ಬರೂ ಕಿಟಕಿಯ ಕಡೆ ನೋಡಿದೆವು. ಕಂಡಕ್ಟರ್ ದಾಳವನ್ನು ಮುಷ್ಟಿಯಲ್ಲಿ ಮುಚ್ಚಿಕೊಂಡೇ ಎದ್ದರು. ನಾನು ತೋರಿಸಿ ಅನ್ನಲಿಲ್ಲ.

ಕೊಪ್ಪರಿಗೆ ಉಕ್ಕಿತು ನೋಡು! ನೊರೆ ಬಂದು ಒಲೆಯ ಬೆಂಕಿ ಆರಿತು, ನೆಲದ ತುಂಬ ಸೋಪು. ದೈತ್ಯ ಕಾಲಿಟ್ಟ, ಜಾರಿದ, ಎದ್ದ, ಮತ್ತೆ ಜಾರಿದ. ಟೈಲರಮ್ಮ ದೈತ್ಯನ ಬೊಂಬೆಯನ್ನು ಮೇಜಿನ ಮೇಲೆ ಜೋರಾಗಿ ಬೀಳಿಸಿದ ರಭಸಕ್ಕೆ ಬಾಯಿಯ ಹಲ್ಲಿನ ಸೆಟ್ಟು ಹಾರಿ ಕಂಡಕ್ಟರ್ ಮಡಿಲಿಗೆ ಬಿತ್ತು. ಅವರು ಅದನ್ನೆತ್ತಿ ನೋಡಿ, "ಅರೆ, ಇದು ನಂದೇ!" ಅಂದರು. ಕಡ್ಡಿ ನಕ್ಕಳು. ಹೊಟ್ಟೆ ಹಿಡಿದುಕೊಂಡು, ಕಣ್ಣಲ್ಲಿ ನೀರು ಬರುವಷ್ಟು, ಎರಡೂ ಕೈಯಿಂದ ಮುಖ ಮುಚ್ಚಿಕೊಂಡು ನಕ್ಕಳು. ನನ್ನ ತಲೆಯ ಮೇಲಿಂದ ಯಾರೋ ಮೂಟೆ ಇಳಿಸಿದ ಹಾಗಾಯಿತು.

ಎಲ್ಲರೂ ಹೋದ ಮೇಲೆ ಟೀ ಕಪ್ಪುಗಳನ್ನು ಅವಳೇ ತೊಳೆದಳು. ಬಿಸಿನೀರು, ಸೋಪು. ಕಪಾಟಿನ ಮೇಲಿನ ಅರೆಯಲ್ಲಿದ್ದ ಯಜಮಾನಿಯ ಪೊಟ್ಟಣ ಇಳಿಸಿ ಬಿಚ್ಚಿದಳು. ಮೂಗಿನ ಹತ್ತಿರ ಹಿಡಿದು, "ಸರಿಯಾಗಿ ಬೇಯ್ಸಿಲ್ಲ. ನಾನಿಲ್ದೇ ಕೆಡಿಸಿದಾರೆ" ಅಂದಳು. ಮಾರನೆಯ ಬೆಳಗ್ಗೆ ನಾನು ಏಳುವ ಮೊದಲೇ ಚಪ್ಪಲಿ ಇರಲಿಲ್ಲ. ಯಜಮಾನಿ ಮಾತು ಉಳಿಸಿಕೊಂಡಿದ್ದರು, ಜಾಗ ಇತ್ತು. ಈಗ ಕೆಲಸದ ಹೊತ್ತಿನಲ್ಲಿ ರಬ್ಬರಿನ ಗವಸು, ಮಿಕ್ಕ ಹೊತ್ತಿನಲ್ಲಿ ಬರಿಗೈ. ಹಲಗೆ ಮುಟ್ಟುವ ಮೊದಲು ಪ್ರತಿ ಸಲ ನೀರು ಹೊಯ್ದು ಒರೆಸುತ್ತಾಳಂತೆ, ಬೇರೆಯವರಿಗೂ ಒರೆಸಿ ಅಂತ ಗದರುತ್ತಾಳಂತೆ. ಹೆದರಿಕೆ ಪೂರ್ತಿ ಹೋಗಿಲ್ಲ. ಇರಲಿ, ಅಷ್ಟು ಇರಬೇಕಾದದ್ದೇ.

ಈಗ ಆಟಕ್ಕೆ ಬರುವವರ ಹೊತ್ತಾಯಿತು, ಮೇಜು ಖಾಲಿ ಮಾಡಬೇಕು. ಕಡ್ಡಿ ಒಳಗೆ ಏನೋ ಹಾಡಿಕೊಂಡು ತಲೆ ಬಾಚುತ್ತಿದ್ದಾಳೆ. ರಾಗ ಒಂದೂ ಸರಿಯಿಲ್ಲ, ನಿನ್ನ ಮಗಳೇ. ಮೈ ಕಡೆ ನೋಡಿಕೋ, ಕೆಮ್ಮಿಗೆ ಔಷಧಿ ತಪ್ಪಿಸಬೇಡ. ನೀನು ನೆಮ್ಮದಿಯಾಗಿ ನಿದ್ದೆ ಮಾಡು, ನಾನೂ ಮಾಡುತ್ತಿದ್ದೇನೆ. ನಿನಗೆ ಎಲ್ಲ ಒಳ್ಳೆಯದಾಗಲಿ.

ಇತಿ,
ನಿನ್ನ ಅಕ್ಕ

ತಾ.ಕ.: ಲಕೋಟೆ ಅಂಟಿಸಿದ್ದೆ, ಮತ್ತೆ ಬಿಡಿಸಿದೆ. ಇದನ್ನು ಬರೆಯದೆ ಕಳಿಸಿದರೆ ಮೇಲಿನದ್ದೆಲ್ಲ ಬರೆದೂ ದಂಡ.

ನಿನ್ನೆ ಸಂಜೆ ಕಡ್ಡಿ ಕೇಳಿದಳು: "ಅಮ್ಮ ಯಾಕೆ ದೊಡ್ಡಮ್ಮ, ತಿಂಗಳಿಗೊಂದು ಗವಸು ಹೆಣೆದು ಕಳಿಸ್ತಾಳೆ, ಬಲಗೈದು ಮಾತ್ರ?" ನಾನು, ಚಳಿಗೆ ಅಂದೆ. "ಎಡಗೈಗೆ ಚಳಿ ಆಗಲ್ವಾ?" ಅಂದಳು. ಆಮೇಲೆ ಹೇಳಿದಳು. ಆಸ್ಪತ್ರೆಯಲ್ಲಿ ಪಟ್ಟಿ ಬಿಚ್ಚಿದ ದಿನ ನೀನು ಗೋಡೆಯ ಕಡೆ ನೋಡುತ್ತ ನಿಂತೆಯಂತೆ. "ಉರಿದಿದ್ದು ನೆನಪೇ ಹೋಗಿದೆ. ಅಮ್ಮ ಗೋಡೆ ನೋಡಿದ್ದು ಹೋಗ್ತಿಲ್ಲ. ಅವಳಿಗೆ ಅಷ್ಟು ಅಸಹ್ಯ ಆಯ್ತಾ?" ಅಂದಳು.

ಬೈದುಬಿಡೋಣ ಅಂದುಕೊಂಡೆ ನಿನ್ನನ್ನು. ಅಷ್ಟರಲ್ಲಿ ಅವಳು ಇನ್ನೊಂದು ಮಾತು ಹೇಳಿದಳು. ಆವತ್ತು ಹಲಗೆಯ ಮೇಲೆ ಕೈ ಊರಿಕೊಂಡು ಮಾತಾಡುತ್ತ ನಿಂತಿದ್ದಳಲ್ಲ, ಅದು ಫೋನಿನಲ್ಲಿ, ನಿನ್ನ ಹತ್ತಿರ. ನೀನೂ ಹೇಳಲಿಲ್ಲ, ಅವಳೂ ಹೇಳಿರಲಿಲ್ಲ. ಈಗ ಗೊತ್ತಾಯಿತು ನೀನು ಗೋಡೆ ಯಾಕೆ ನೋಡಿದೆ, ಫೋನು ಯಾಕೆ ಬೇಗ ಇಡುತ್ತೀಯ ಅಂತ. ನೀನು ಫೋನು ಮಾಡದಿದ್ದರೆ ಅವಳ ಕೈ ಉಳಿಯುತ್ತಿತ್ತು ಅಂತ ತಾನೇ ನಿನ್ನ ಲೆಕ್ಕ? ಅದನ್ನು ಒಬ್ಬಳೇ ಇಟ್ಟುಕೊಂಡು, ಗವಸಿನ ಮೇಲೆ ಗವಸು ಹೆಣೆಯುತ್ತಾ ಕೂತೆಯಾ, ಹುಚ್ಚಿ?

ಅವಳು ಹೇಳಿದ್ದನ್ನು ಹೇಳಿದ ಹಾಗೇ ಬರೆಯುತ್ತೇನೆ: "ಹಾಸ್ಟೆಲಿನ ಹುಡುಗೀರು ಅವಳ ಚಪ್ಪಲಿ ಬಚ್ಚಿಟ್ಟಿದ್ದ ಕಥೆ ಹೇಳ್ತಿದ್ಲು ದೊಡ್ಡಮ್ಮ. ಎಷ್ಟು ನಗಿಸ್ತಿದ್ಲು ಅಂದ್ರೆ ಕೈ ತೆಗೆಯೋದೇ ಮರ್ತೋಯ್ತು. ಆ ಕಥೆ ಕೊನೇಲಿ ಏನಾಯ್ತು ಅಂತ ನಂಗಿನ್ನೂ ಗೊತ್ತಿಲ್ಲ. ಅವ್ಳು ಆಮೇಲೆ ಹೇಳ್ಲೇ ಇಲ್ಲ."

ಈ ಪತ್ರದ ಜೊತೆ ಒಂದು ಪೊಟ್ಟಣವಿದೆ. ಅವಳು ವಾಪಸ್ಸು ಹೋದ ಮೇಲೆ ಹೊಯ್ದ ಮೊದಲ ಸೋಪು. ನಿನ್ನ ಗವಸಿನಲ್ಲಿ ಸುತ್ತಿದವಳೂ ಅವಳೇ. ಈಗಲೇ ಹಚ್ಚಿಕೊಳ್ಳಬೇಡ, ಕಾಸ್ಟಿಕ್ಕಿನ ಖಾರ ಇನ್ನೂ ಇದೆ, ಗಾಳಿಗಿಟ್ಟು ಒಣಗಲು ಒಂದು ತಿಂಗಳು ಬಿಡಬೇಕಂತೆ. ನೀನು ಅಷ್ಟು ದಿನ ಕಾಯಬೇಡ. ರಜೆ ಹಾಕಿ ಬಂದು, ಅವಳ ಬಲಗೈ ಹಿಡಿದುಕೊಂಡು ಕೂತು, ಚಪ್ಪಲಿ ಎಲ್ಲಿ ಸಿಕ್ಕಿತು ಅಂತ ಹೇಳು.